ಕೆಂಪಕ್ಕ ತಿದ್ದಿದ ವರ್ಷ

ಸರಕಾರಿ ಮುದ್ರಣಾಲಯದಲ್ಲಿ ಕರಡು ತಿದ್ದುವವರು ಜೋಡಿಯಾಗಿ ಕೂರುತ್ತಾರೆ. ಇಲಾಖೆಯಿಂದ ಬಂದ ಸಹಿಯಾದ ಪ್ರತಿಯನ್ನು ಒಬ್ಬರು ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು ತಪ್ಪು ಕಂಡಲ್ಲಿ ಕೆಂಪು ಶಾಯಿಯ ಗುರುತು ಹಾಕಬೇಕು. ಇಪ್ಪತ್ತಾರು ವರ್ಷ ಓದಿದವಳು ನಾನು, ಗುರುತು ಹಾಕಿದವಳು ಕೆಂಪಕ್ಕ. ಬಲಗೈಯ ಎರಡು ಬೆರಳು ಸದಾ ಕೆಂಪಾಗಿರುತ್ತಿದ್ದುದರಿಂದ ಅವಳಿಗೆ ಆ ಹೆಸರು. ಅವಳು ನನಗಿಟ್ಟ ಹೆಸರು ಗಂಟಲು. "ಲೇ ಗಂಟಲು, ಸ್ವಲ್ಪ ನೀರು ಕುಡಿ, ಬಾಗಿಲು ಕಿರುಗುಟ್ಟಿದ ಹಾಗಿದೆ" ಅನ್ನುತ್ತಿದ್ದಳು.

ನಮ್ಮ ಓದನ್ನು ಹೊರಗಿನವರು ಕೇಳಿದರೆ ತಲೆ ಕೆಟ್ಟಿದೆ ಅಂದುಕೊಂಡಾರು. "ಸರಕಾರವು ಈ ಮೂಲಕ ಅಲ್ಪವಿರಾಮ ಮೂರನೇ ಕಲಮಿನಲ್ಲಿ ಹೇಳಿರುವಂತೆ ಅಲ್ಪವಿರಾಮ" ಎಂದು ಒಂದೇ ರಾಗದಲ್ಲಿ ದಿನಕ್ಕೆ ನಲವತ್ತು ಪುಟ. ಅರ್ಥಕ್ಕೆ ಗಮನ ಕೊಡಬಾರದು ಎನ್ನುವುದೇ ಈ ಕೆಲಸದ ಮೊದಲ ಪಾಠ. ಅರ್ಥದ ಹಿಂದೆ ಹೋದ ಕಣ್ಣು ಅಕ್ಷರವನ್ನು ಬಿಟ್ಟುಬಿಡುತ್ತದೆ. ನಮ್ಮಲ್ಲೊಬ್ಬ ಹಿರಿಯ ತನ್ನದೇ ವರ್ಗಾವಣೆಯ ಆದೇಶದ ಕರಡನ್ನು ಎರಡು ಸಲ ತಿದ್ದಿ, ಮರುವಾರ ಹಾಜರಿ ಪುಸ್ತಕದಲ್ಲಿ ತನ್ನ ಹೆಸರು ಯಾಕಿಲ್ಲ ಎಂದು ಜಗಳಕ್ಕೆ ಹೋಗಿದ್ದ. ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು.

ಕೆಂಪಕ್ಕ ಹುಟ್ಟಿದಾಗ ಗಂಡು ಎಂದು ಬರೆಸಿದ್ದರು. ಅದೇ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಅಪ್ಪ ಕೆಲಸದಲ್ಲಿರುವಾಗಲೇ ತೀರಿಕೊಂಡದ್ದರಿಂದ ಹತ್ತೊಂಬತ್ತಕ್ಕೇ ಕೆಲಸ ಸಿಕ್ಕಿತು. ಮೂವತ್ತೆರಡನೇ ವಯಸ್ಸಿನಲ್ಲಿ ಆರು ತಿಂಗಳ ರಜೆ ಹಾಕಿ, ಆಪರೇಷನ್ ಮಾಡಿಸಿಕೊಂಡು, ಹೆಣ್ಣಾಗಿ ಬಂದು ಅದೇ ಕುರ್ಚಿಯಲ್ಲಿ ಕುಳಿತಳು. ಹೆಸರು ಬದಲಾವಣೆಯ ಪ್ರಕಟಣೆಯನ್ನು ನಾನು ಓದಿದೆ, ಅವಳು ತಿದ್ದಿದಳು. ಹೆಂಗಸರ ಶೌಚಾಲಯಕ್ಕೆ ಅವಳನ್ನು ಬಿಡಬಾರದು ಎಂದು ನಾವು ಒಂಬತ್ತು ಹೆಂಗಸರು ಸೂಪರಿಂಟೆಂಡೆಂಟರಿಗೆ ಅರ್ಜಿ ಕೊಟ್ಟೆವು. ಹೌದು, ನಾನೂ ಸಹಿ ಹಾಕಿದ್ದೆ. ಅವಳಿಗೆ ಕಾಗದದ ಗೋದಾಮಿನ ಹಿಂದಿನ, ಚಿಲಕವಿಲ್ಲದ ಶೌಚಾಲಯ ಗೊತ್ತುಮಾಡಿದರು. ಅರ್ಜಿಯನ್ನು ಅವಳು ನೋಡಿದ್ದಳು. "ನಿನ್ನ ಸಹಿ ಬಾಕಿಯವರದಕ್ಕಿಂತ ಚೆನ್ನಾಗಿದೆ ಕಣೇ" ಎಂದಷ್ಟೇ ಹೇಳಿ ಹಾಳೆ ಎಳೆದುಕೊಂಡಳು. ನಾನು ಓದಲು ಶುರು ಮಾಡಿದೆ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ತಾಯಿ ಮಗಳು ಇದ್ದರು. ಮೆಟ್ಟಿಲು ಕಡಿದು, ಕಂಬಿಯಿಲ್ಲ. ತಾಯಿಗೆ ಕಿವಿ ಮಂದ, ನಾಲಿಗೆ ಚುರುಕು. "ಇವಳು ಗಂಡಾಗಿದ್ದಾಗ ಒಲೆ ಕಡೆ ತಲೆ ಹಾಕಿರ್ಲಿಲ್ಲ, ಹೆಣ್ಣಾದ್ಮೇಲೂ ಹಾಕ್ಲಿಲ್ಲ. ನಂಗೇನು ಲಾಭ ಆಯ್ತು ಹೇಳು" ಎಂದು ಬೀದಿಗೆಲ್ಲ ಕೇಳುವಂತೆ ನನ್ನೊಡನೆ ದೂರುತ್ತಿದ್ದರು. ಆದರೆ ಬೇರೆ ಯಾರಾದರೂ ಒಂದು ಮಾತು ಆಡಿದರೆ ಅವರ ವಂಶವನ್ನೇ ಜಾಲಾಡುತ್ತಿದ್ದರು. ಆ ಮುದುಕಿಗೆ ಸುಳ್ಳು ಕಂಡರೆ ಆಗುತ್ತಿರಲಿಲ್ಲ. ಮಗಳು ಹೆಣ್ಣಾಗಿದ್ದನ್ನು ಒಪ್ಪಿಕೊಂಡದ್ದೂ ಅದಕ್ಕೇ. "ಇಷ್ಟು ವರ್ಷ ನಂಗೆ ಸುಳ್ಳು ಹೇಳ್ಕೊಂಡಿದ್ದೆ, ಈಗ ನಿಜ ಹೇಳಿದೀಯ, ಸಾಕು" ಎಂದಿದ್ದರಂತೆ.

ಆಪರೇಷನ್ ಆದ ದೇಹ ತಾನಾಗಿ ಹಾರ್ಮೋನು ತಯಾರಿಸುವುದಿಲ್ಲ. ದಿನಕ್ಕೊಂದು ಮಾತ್ರೆ ಬೇಕೇ ಬೇಕು, ಇಲ್ಲದಿದ್ದರೆ ಮೂಳೆ ಟೊಳ್ಳಾಗುತ್ತ ಹೋಗುತ್ತದೆ. ನನಗೆ ಗರ್ಭಕೋಶ, ಅಂಡಾಶಯ ಎಲ್ಲ ತೆಗೆಸಿದ ಮೇಲೆ ಡಾಕ್ಟರು ಬರೆದುಕೊಟ್ಟದ್ದೂ ಅದೇ ಮಾತ್ರೆ. ಸರಕಾರಿ ಆಸ್ಪತ್ರೆಯ ಒಂದೇ ಕಿಟಕಿಯಲ್ಲಿ ಇಬ್ಬರೂ ಕೈಚಾಚುತ್ತಿದ್ದೆವು.

ಅವಳಿಗೆ ಐವತ್ತನಾಲ್ಕಾಗಿದ್ದಾಗ ಆರೋಗ್ಯ ಇಲಾಖೆಯ ಒಂದು ಆದೇಶ ನಮ್ಮ ಮೇಜಿಗೆ ಬಂತು. ನಾಲ್ಕು ಪುಟ, ತುರ್ತು. ಲಿಂಗ ಬದಲಾಯಿಸಿಕೊಂಡವರಿಗೆ ಹೊಸದಾಗಿ ರಚಿಸುವ ಮಂಡಳಿಯ ಅನುಮತಿ ಪತ್ರವಿಲ್ಲದೆ ಹಾರ್ಮೋನು ಔಷಧ ಕೊಡತಕ್ಕದ್ದಲ್ಲ, ಆಸ್ಪತ್ರೆ, ಔಷಧದಂಗಡಿ ಸರಕಾರಿ ಆಗಲಿ ಖಾಸಗಿ ಆಗಲಿ. ಹಳಬರು ಹೊಸಬರು ಎನ್ನುವ ಭೇದವಿಲ್ಲ. ಆಸ್ಪತ್ರೆಯಲ್ಲಿ ಅವರನ್ನು ಹುಟ್ಟಿನ ದಾಖಲೆಯಂತೆ ವಾರ್ಡಿಗೆ ಹಾಕತಕ್ಕದ್ದು. ನಾನು ಓದಿದೆ, ಅಲ್ಪವಿರಾಮ ಪೂರ್ಣವಿರಾಮ ಸಮೇತ. ಅವಳು ಗುರುತು ಹಾಕಿದಳು. ಇಬ್ಬರಲ್ಲಿ ಒಬ್ಬರಿಗೂ ಏನೂ ಹೊಳೆಯಲಿಲ್ಲ.

ಹೊಳೆದದ್ದು ಒಂದೇ. "ತಡಿ" ಎಂದಳು. ಜಾರಿಯಾಗುವ ದಿನಾಂಕ ಸಹಿಯಾದ ಪ್ರತಿಯಲ್ಲಿ ಮುಂದಿನ ವರ್ಷದ್ದಿತ್ತು, ಜೊತೆಗಿದ್ದ ಪತ್ರದಲ್ಲಿ ಇದೇ ವರ್ಷದ್ದು. "ಟೈಪಿಸ್ಟ್ ನಿದ್ದೆ ಹೊಡೆದಿದಾನೆ. ಕೇಳಿ ಬರ್ಕೋ" ಎಂದು ವರ್ಷಕ್ಕೆ ಕೆಂಪು ಸುತ್ತು ಹಾಕಿದಳು. ಸಹಿಯಾದ ಪ್ರತಿಯಲ್ಲಿ ಅಂಕಿ ಬದಲಿಸಬೇಕಾದರೆ ಓದುವವಳು ಇಲಾಖೆಗೆ ಫೋನ್ ಮಾಡಿ, ಒಪ್ಪಿಗೆ ಪಡೆದು, ಒಪ್ಪಿದವರ ಹೆಸರನ್ನು ವಿಚಾರಣೆ ಪುಸ್ತಕದಲ್ಲಿ ಬರೆಯಬೇಕು. ಇಲಾಖೆಯಲ್ಲಿ ಯಾರೂ ಫೋನ್ ಎತ್ತುವುದಿಲ್ಲ. ಹಾಗಾಗಿ ನಾವು ಹನ್ನೊಂದು ಮಂದಿ ಓದುವವರೂ ಫೋನ್ ಮಾಡದೆಯೇ ಅಲ್ಲಿನ ಗುಮಾಸ್ತನ ಹೆಸರು ಬರೆದು "ಒಪ್ಪಿದರು" ಎಂದು ಗೀಚುತ್ತಿದ್ದೆವು. ಅವತ್ತೂ ಗೀಚಿದೆ. ಆದೇಶ ಇದೇ ವರ್ಷಕ್ಕೆ ಅಚ್ಚಾಯಿತು.

ಮುಂದಿನ ತಿಂಗಳು ಔಷಧದ ಕಿಟಕಿಯಲ್ಲಿ ನನಗೆ ಮಾತ್ರೆ ಕೊಟ್ಟರು, ಅವಳ ಚೀಟಿಯನ್ನು ವಾಪಸು ತಳ್ಳಿದರು.

"ಮಂಡಳಿ ಪತ್ರ ತನ್ನಿ" ಎಂದ ಕಿಟಕಿಯವನು.

"ಮಂಡಳಿ ಎಲ್ಲಿದೆ?"

"ಇನ್ನೂ ಆಗಿಲ್ಲ. ಆದ್ಮೇಲೆ ಬನ್ನಿ" ಎಂದು ಗೋಡೆಗಂಟಿಸಿದ್ದ ಆದೇಶದ ಕಡೆ ಗಲ್ಲ ತಿರುಗಿಸಿದ. ಕೆಂಪಕ್ಕ ಹತ್ತಿರ ಹೋಗಿ ಓದಿದಳು. ಸಾಲು ಸಾಲಾಗಿ, ಬೆರಳಿಟ್ಟು, ಮೊದಲ ಸಲ ಅರ್ಥಕ್ಕಾಗಿ ಓದಿದಳು. ಆಮೇಲೆ ನನ್ನ ಕಡೆ ತಿರುಗಿ, "ಲೇ, ಇದು ನಮ್ದು ಕಣೇ" ಎಂದಳು.

ನನ್ನ ಮಾತ್ರೆಯಲ್ಲಿ ಅರ್ಧ ಅವಳಿಗೆ ಕೊಡತೊಡಗಿದೆ. ದಾನಶೂರಳಂತೆ ಬೀಗಿದೆ ಕೂಡ, ಅದನ್ನೂ ಹೇಳಿಬಿಡುತ್ತೇನೆ.

ಮೆರವಣಿಗೆ ಎಂದರೆ ಮೂಗು ಮುರಿಯುತ್ತಿದ್ದ ಹೆಂಗಸು ಅವಳು. ಈಗ ಇಲಾಖೆಯ ಗೇಟಿನ ಮುಂದೆ ನಲವತ್ತು ಜನರ ಜೊತೆ ಬಿಸಿಲಲ್ಲಿ ನಿಂತಳು. ದಾರಿಹೋಕರು ನೀರಿನ ಬಾಟಲಿ ಎಸೆದರು, ಒಬ್ಬ ಪೊಲೀಸಿನವನು ಲಾಠಿಯಲ್ಲಿ ಅವಳ ಬಟ್ಟೆ ಎತ್ತಿ "ನೋಡೋಣ ಏನಿದೆ" ಎಂದು ಸುತ್ತಲಿದ್ದವರನ್ನು ನಗಿಸಿದ. ಮರುದಿನವೂ ಹೋಗಿ ನಿಂತಳು. "ಇಪ್ಪತ್ತೆರಡು ವರ್ಷದಿಂದ ತಗೋತಿರೋ ಔಷಧ. ನಂಗೆ ಬೇಕೋ ಬೇಡ್ವೋ ಅಂತ ಇನ್ನೂ ಹುಟ್ಟದೇ ಇರೋ ಮಂಡಳಿ ಹೇಳ್ಬೇಕಂತೆ" ಎಂದು ಪತ್ರಿಕೆಯವರಿಗೆ ಹೇಳಿದಳು. ಯಾರೂ ಅಚ್ಚು ಹಾಕಲಿಲ್ಲ.

ಅವರೆಲ್ಲ ಸೇರಿ ಕೋರ್ಟಿಗೆ ಹೋದರು. ವಕೀಲೆ ಚಿಕ್ಕ ಹುಡುಗಿ, ಬುದ್ಧಿವಂತೆ. ಆದೇಶದಲ್ಲಿ ಏನಾದರೂ ಲೋಪ ಸಿಕ್ಕರೆ ಸಾಕು, ತಡೆ ತರಬಹುದು ಎಂದಿದ್ದಳು. ಕೆಂಪಕ್ಕನಿಗೆ ಆ ಕೆಂಪು ಸುತ್ತು ನೆನಪಾಯಿತು. ಅಧಿಕಾರಿ ಸಹಿ ಹಾಕಿದ್ದು ಮುಂದಿನ ವರ್ಷಕ್ಕೆ. ಇಲಾಖೆ ಒಪ್ಪದೆಯೇ ಮುದ್ರಣಾಲಯ ವರ್ಷ ಬದಲಿಸಿದ್ದರೆ, ಇನ್ನೊಂದು ವರ್ಷ ಯಾರ ಮಾತ್ರೆಯನ್ನೂ ತಡೆಯುವಂತಿಲ್ಲ. ಅಷ್ಟರಲ್ಲಿ ಕೇಸನ್ನೇ ಗೆಲ್ಲಬಹುದು.

"ಅವತ್ತು ಫೋನ್ ಮಾಡಿದ್ಯಾ?" ಎಂದು ಊಟದ ಹೊತ್ತಿನಲ್ಲಿ ಕೇಳಿದಳು.

"ಯಾವತ್ತು ಮಾಡಿದೀವಿ ಅಕ್ಕ?" ಎಂದೆ.

ಅವಳು ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕದ್ದು. "ನಿನ್ನ ಸೋಮಾರಿತನ ನಮ್ಮೆಲ್ಲರ ಜೀವ ಉಳಿಸುತ್ತೆ ಕಣೇ" ಎಂದಳು. ಆ ಮಧ್ಯಾಹ್ನವೇ ಕರಡಿನ ಹಾಳೆಯನ್ನೂ ಸಹಿಯಾದ ಪ್ರತಿಯನ್ನೂ ಚೀಲಕ್ಕೆ ಹಾಕಿಕೊಂಡು ವಕೀಲೆಗೆ ಕೊಟ್ಟಳು. ಕಚೇರಿಯ ಕಾಗದ ಹೊರಗೆ ಒಯ್ದರೆ ಕೆಲಸ ಹೋಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇಲಾಖೆಗೆ ಯಾರೂ ಫೋನ್ ಮಾಡಿರಲಿಲ್ಲ, ತಾನು ತಿದ್ದಿದ್ದು ತಪ್ಪು ಎಂದು ತಾನೇ ಬರೆದುಕೊಟ್ಟಳು. ಗುರುತು ಹಾಕುವವಳ ಬಾಯಲ್ಲಿ ಅಂಥ ಮಾತು ಬರುವುದೆಂದರೆ ಸಣ್ಣ ವಿಷಯವಲ್ಲ.

ಇನ್ನು ಉಳಿದದ್ದು ನನ್ನ ಹೇಳಿಕೆ. ಕೋರ್ಟು ಕೇಳಿದ್ದರಿಂದ ಇಲಾಖೆಯವರು ಒಬ್ಬ ಅಧಿಕಾರಿಯನ್ನು ಮುದ್ರಣಾಲಯಕ್ಕೇ ಕಳಿಸಿದರು. ಅವರು ಬರುವ ಮೊದಲು ಸೂಪರಿಂಟೆಂಡೆಂಟರು ನನ್ನನ್ನು ಕರೆದು, ಬಾಗಿಲು ಹಾಕಿ, ಕುಳಿತುಕೊಳ್ಳಲು ಹೇಳಿದರು. ಇಪ್ಪತ್ತಾರು ವರ್ಷದಲ್ಲಿ ಆ ಮನುಷ್ಯ ನನಗೆ ಕುರ್ಚಿ ತೋರಿಸಿದ್ದು ಅದೇ ಮೊದಲು.

"ನಿಂಗೆ ರಿಟೈರ್ ಆಗೋಕೆ ಒಂದು ವರ್ಷ ಇದೆ" ಎಂದರು. "ಫೋನ್ ಮಾಡಿರ್ಲಿಲ್ಲ ಅಂದ್ರೆ ಸುಳ್ಳು ದಾಖಲೆ ಬರೆದ ಹಾಗಾಯ್ತು. ನೀನು ಮನೆಗೆ. ಉಳಿದ ಹತ್ತು ಜನಾನೂ ಮನೆಗೆ. ಫೋನ್ ಮಾಡಿದ್ದೆ ಅಂದ್ರೆ ಯಾರ ಹೊಟ್ಟೆ ಮೇಲೂ ಹೊಡೆದ ಹಾಗಾಗಲ್ಲ."

"ಅವಳ ಔಷಧ?"

"ಅದಕ್ಕೆ ಮಂಡಳಿ ಇದೆಯಲ್ಲ" ಎಂದರು.

ಮನೆಯಲ್ಲಿ ಗಂಡ ಪಾರ್ಶ್ವವಾಯು ಹೊಡೆದು ಮಲಗಿದ್ದ, ಇದ್ದ ಮನೆ ಸರಕಾರಿ ಕ್ವಾರ್ಟರ್ಸು. ಇದನ್ನು ನೆಪವಾಗಿ ಹೇಳುತ್ತಿದ್ದೇನೆ ಎಂದು ನನಗೂ ಗೊತ್ತು.

ಅಧಿಕಾರಿಯ ಮುಂದೆ ನನ್ನನ್ನೂ ಕೆಂಪಕ್ಕನನ್ನೂ ಒಟ್ಟಿಗೆ ಕೂರಿಸಿದರು. ಅವರು ಅವಳನ್ನು ಉದ್ದಕ್ಕೂ "ಅವನು" ಎಂದೇ ಕರೆದರು, ಹಾಗೆಯೇ ಬರೆಸಿದರು. ಅವಳು ತಿದ್ದಲಿಲ್ಲ, ನನ್ನನ್ನೇ ನೋಡುತ್ತಿದ್ದಳು. "ಇಲಾಖೆಗೆ ಫೋನ್ ಮಾಡಿದ್ರಾ?" ಎಂದು ಕೇಳಿದರು.

"ಮಾಡಿದ್ದೆ" ಎಂದೆ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಸುಳ್ಳಿಗೆ ಕೈಕಾಲು ಮೂಡಿಸುವ ಚಪಲ ನೋಡಿ. ಮೂರನೇ ಸಲಕ್ಕೆ ಎತ್ತಿದರು, ಗುಮಾಸ್ತನಿಗೆ ಶೀತವಾಗಿತ್ತು, ಎರಡು ಸಲ ಸೀನಿ ಆಮೇಲೆ ಒಪ್ಪಿದ ಎಂದೆ. ಅಧಿಕಾರಿಗೆ ಆ ಸೀನು ಬಹಳ ಹಿಡಿಸಿತು. ಇಷ್ಟು ವಿವರವಾಗಿ ನೆನಪಿಟ್ಟುಕೊಂಡಿದ್ದಾರೆ ಎಂದು ಹೊಗಳಿದರು. ಗುಮಾಸ್ತನೂ ಹೌದು, ಶೀತವಾಗಿತ್ತು ಎಂದು ಬರೆದುಕೊಟ್ಟ. ಎಲ್ಲರೂ ಬದುಕಿಕೊಂಡೆವು.

ಅರ್ಜಿಯನ್ನು ಕೋರ್ಟು ನಾಲ್ಕು ಸಾಲಿನಲ್ಲಿ ವಜಾ ಮಾಡಿತು. ಕೋರ್ಟಿಗೆ ಸುಳ್ಳು ಹೇಳಿದ್ದಕ್ಕೆ, ಕಾಗದ ಕದ್ದದ್ದಕ್ಕೆ ಕೆಂಪಕ್ಕನನ್ನು ಕೆಲಸದಿಂದ ತೆಗೆದರು. ಆ ನೋಟೀಸಿನ ಕರಡನ್ನೂ ನಾನೇ ಓದಿದೆ, ಗುರುತು ಹಾಕಲು ಹೊಸಬಳೊಬ್ಬಳು ಕೂತಿದ್ದಳು. ಒಂದೂ ತಪ್ಪಿರಲಿಲ್ಲ. ಅರ್ಧ ಮಾತ್ರೆಗಳನ್ನು ಕಟ್ಟಿಕೊಂಡು ಒಂದು ದಿನ ಅವಳ ಮನೆಗೆ ಹೋದೆ. ಬಾಗಿಲು ತೆರೆಯಲಿಲ್ಲ. ಒಳಗೆ ತಾಯಿಯ ಧ್ವನಿ ಕೇಳುತ್ತಿತ್ತು, "ಯಾಕೆ ಸುಳ್ಳು ಹೇಳ್ದೆ, ಯಾಕೆ ಹೇಳ್ದೆ" ಎಂದು ಕೇಳುತ್ತಲೇ ಇದ್ದರು.

ಒಂದೂವರೆ ವರ್ಷದ ಮೇಲೆ ಅವಳು ಆ ಕಡಿದು ಮೆಟ್ಟಿಲಿನಿಂದ ಬಿದ್ದಳಂತೆ. ಬಿದ್ದದ್ದು ಎರಡೇ ಮೆಟ್ಟಿಲು, ಸೊಂಟದ ಮೂಳೆ ಮೂರು ಚೂರು. ಮಂಡಳಿ ಆಗಲೂ ಆಗಿರಲಿಲ್ಲ. ನಾನು ನಿವೃತ್ತಳಾಗಿ ಏಳೆಂಟು ತಿಂಗಳಾಗಿತ್ತು, ಪಿಂಚಣಿಯೂ ಮಂಜೂರಾಗಿತ್ತು. ಇನ್ನು ಯಾರೂ ನನ್ನ ಒಂದು ಕೂದಲನ್ನೂ ಕೊಂಕಿಸುವಂತಿರಲಿಲ್ಲ. ಆ ಧೈರ್ಯದಲ್ಲೇ ನೋಡಲು ಹೋದೆ.

ಅವಳನ್ನು ಗಂಡಸರ ವಾರ್ಡಿನಲ್ಲಿ ಹಾಕಿದ್ದರು, ಮೂವತ್ತು ಹಾಸಿಗೆಯ ನಡುವೆ. ಪರದೆ ಕೇಳಿದರೆ ಆದೇಶ ತೋರಿಸಿದರಂತೆ. ಎದುರಿನ ಹಾಸಿಗೆಯ ಇಬ್ಬರು ಅವಳನ್ನೇ ನೋಡುತ್ತ ಏನೋ ಹೇಳಿಕೊಂಡು ಕಿಸಿಯುತ್ತಿದ್ದರು. ಅವಳು ಹೊದಿಕೆಯನ್ನು ಕತ್ತಿನವರೆಗೆ ಎಳೆದು ಹಿಡಿದಿದ್ದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಪಕ್ಕದ ಸ್ಟೂಲಿನ ಮೇಲೆ ತಾಯಿ. ನನಗೆ ಅಳು ಬಂತು, ನಿಜವಾಗಿಯೂ ಬಂತು.

"ಅಳ್ಬೇಡ. ಒಂದು ಕೆಲಸ ಮಾಡು" ಎಂದಳು ಕೆಂಪಕ್ಕ. "ಕೋರ್ಟು ಬೇಡ, ಕಾಗದ ಬೇಡ. ಕೆಲಸ ಹೋಯ್ತು, ಮೂಳೆ ಹೋಯ್ತು, ಅದನ್ನ ನಾ ಕೇಳಲ್ಲ. ನಾನು ಸುಳ್ಳು ಹೇಳಿ ಹಾಳಾದೆ ಅಂತ ಅಮ್ಮ ಒಂದೂವರೆ ವರ್ಷದಿಂದ ನನ್ನ ಜೊತೆ ಸರಿಯಾಗಿ ಮಾತಾಡ್ತಿಲ್ಲ. ಅವತ್ತು ಫೋನ್ ಮಾಡಿರ್ಲಿಲ್ಲ ಅಂತ ಇವಳ ಕಿವೀಲಿ ಹೇಳು. ಅಷ್ಟೇ."

ಮುದುಕಿ ಕಿವಿಯ ಹಿಂದೆ ಕೈಯಿಟ್ಟು ನನ್ನ ಕಡೆ ಬಾಗಿದರು. ಒಂದು ಮಾತು. ಹೇಳಿದ್ದರೆ ನನಗೆ ಏನೂ ನಷ್ಟವಿರಲಿಲ್ಲ. ಆದರೆ ಹೇಳಿದ ಮರುಕ್ಷಣ ಆ ಮುದುಕಿ ನನ್ನ ಮುಖ ನೋಡುತ್ತಿದ್ದರು, ಆ ನೋಟವನ್ನು ನೆನೆಸಿಕೊಂಡೇ ನಾನು ಹೇಡಿಯಾದೆ.

"ಮಾಡಿದ್ದೆ ಅಮ್ಮ" ಎಂದೆ, ಅವರಿಗೆ ಕೇಳುವಷ್ಟು ಗಟ್ಟಿಯಾಗಿ.

ಮುದುಕಿ ನೆಟ್ಟಗೆ ಕುಳಿತರು. ಮಗಳ ಕಡೆ ತಿರುಗಿ, "ಈಗ್ಲೂ? ಈ ಸ್ಥಿತೀಲೂ ನಂಗೆ ಸುಳ್ಳು ಹೇಳ್ತೀಯಾ?" ಎಂದರು. ಆಮೇಲೆ ಮುದುಕಿ ನನ್ನ ಎರಡೂ ಕೈ ಹಿಡಿದುಕೊಂಡು, ಇಷ್ಟೆಲ್ಲ ಆದರೂ ನೋಡಲು ಬಂದೆಯಲ್ಲ, ನಿನ್ನ ಮಕ್ಕಳು ಚೆನ್ನಾಗಿರಲಿ ಎಂದು ಹರಸಿದರು.