ಕಾಯಿ ತಟ್ಟಿದ ದನಿ

ಮೊನ್ನೆ ಅಟ್ಟದಿಂದ ಇಳಿಸಿ ಸುಲಿದ ತೆಂಗಿನಕಾಯಿಗಳನ್ನು ಆರಿಸುತ್ತಾ ಒಂದನ್ನು ಬೆರಳ ಗೆಣ್ಣಿನಿಂದ ತಟ್ಟಿದೆ. ಟಣ್ ಎಂದಿತು. ಆ ಸದ್ದಿಗೆ ನಮ್ಮ ವಿಜ್ಞಾನದ ಮೇಷ್ಟ್ರು ನೆನಪಾದರು. ಅವರ ಮೇಲಿನ ಸಿಟ್ಟು ಇನ್ನೂ ಆರಿಲ್ಲವೆಂದು ಗೊತ್ತಾಯಿತು.

ಎಪ್ಪತ್ತರ ದಶಕದ ಕೊನೆ. ತುರುವೇಕೆರೆ ಕಡೆಯ ನಮ್ಮೂರಲ್ಲಿ ನಾನು ಒಂಬತ್ತನೇ ಕ್ಲಾಸು. ಮೇಷ್ಟ್ರು ಶ್ರುತಿಕವೆ ಎಂಬ ಎರಡು ಕವಲಿನ ಉಕ್ಕಿನ ಕಡ್ಡಿ ತಂದಿದ್ದರು. ಸೆಕೆಂಡಿಗೆ ಹೆಚ್ಚು ಸಲ ಕಂಪಿಸಿದರೆ ಸ್ಥಾಯಿ ಮೇಲೇರುತ್ತದೆ, ಅಂದರೆ ದನಿ ಸಣ್ಣದಾಗಿ ಕೀರಲಾಗುತ್ತದೆ ಎಂಬಲ್ಲಿವರೆಗೆ ಸರಿಯಾಗಿಯೇ ಹೇಳಿದರು. ಆಮೇಲೆ, "ಜೋರಾಗಿ ಬಡಿದರೆ ಕಂಪನ ಜಾಸ್ತಿ, ಸ್ಥಾಯಿಯೂ ಮೇಲೆ," ಎಂದು ಬರೆಸಿದರು.

ನಮ್ಮಜ್ಜಿ ಕಾಯಿ ತಟ್ಟಿಯೇ ಒಳಗೆ ನೀರೆಷ್ಟಿದೆ ಎಂದು ಹೇಳುತ್ತಿದ್ದಳು. ನೀರು ತುಂಬಿದ್ದಕ್ಕೆ ದಪ್ಪ ದನಿ, ಇಂಗಿದ್ದಕ್ಕೆ ಸಣ್ಣ ದನಿ. ಮೆಲ್ಲಗೆ ತಟ್ಟಲಿ, ಜೋರಾಗಿ ತಟ್ಟಲಿ, ಒಂದು ಕಾಯಿಗೆ ಒಂದೇ ದನಿ. ನಾನು ಎದ್ದು ನಿಂತೆ.

"ಇಲ್ಲ ಸಾ, ಸದ್ದು ಜೋರಾಯ್ತದೆ ಅಷ್ಟೆ, ದನಿ ಅದೇ ಇರ್ತದೆ. ನಮ್ಮಜ್ಜಿ ಕಾಯಿ ತಟ್ಟುವಾಗ..."

"ನಿಮ್ಮಜ್ಜೀನೇ ಕರ್ಕೊಂಡು ಬಾ, ಪಾಠ ಮಾಡ್ಲಿ!"

ಇಡೀ ಕ್ಲಾಸು ನಕ್ಕಿತು. ಅಂಗೈಗೆ ಎರಡು ಏಟು ಬಿದ್ದವು. ಏಟು ಮರೆತೆ, ಅಜ್ಜಿಯನ್ನು ಆಡಿಕೊಂಡದ್ದನ್ನು ಮರೆಯಲಿಲ್ಲ... ಕಾದೆ.

ಇನ್ಸ್‌ಪೆಕ್ಟರ್ ಶಾಲೆಯ ತಪಾಸಣೆಗೆ ಬಂದ ದಿನ ಮೇಷ್ಟ್ರು ನನ್ನನ್ನೇ ಎಬ್ಬಿಸಿದರು. ಕ್ಲಾಸಿಗೆ ನಾನೇ ಫಸ್ಟು. ಶ್ರುತಿಕವೆಯನ್ನು ಜೋರಾಗಿ ಬಡಿದರೆ ಸ್ಥಾಯಿ ಏನಾಗುತ್ತದೆಂದು ಇನ್ಸ್‌ಪೆಕ್ಟರ್ ಕೇಳಿದರು. ಸರಿಯುತ್ತರ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ.

"ಮೇಲೇರ್ತದೆ ಸಾ. ನಮ್ಮ ಮೇಷ್ಟ್ರೇ ಬರೆಸವ್ರೆ," ಎಂದು ನೋಟ್ಸು ತೆರೆದು ತೋರಿಸಿದೆ.

ಇನ್ಸ್‌ಪೆಕ್ಟರ್ ನಮ್ಮೆದುರೇ ಅವರನ್ನು ಬೈದರು. ಮೇಷ್ಟ್ರ ಮುಖ ಸುಟ್ಟ ಬದನೆಕಾಯಿಯಾಯಿತು. ನನಗೆ ಹಾಲು ಕುಡಿದಷ್ಟು ಸಂತೋಷ, ಸುಳ್ಳೇಕೆ ಹೇಳಲಿ?

ಆ ವರ್ಷವೇ ಅವರಿಗೆ ವರ್ಗವಾಯಿತು. ಹೊರಡುವ ಹಿಂದಿನ ಸಂಜೆ ನಮ್ಮನೆಗೆ ಬಂದರು. ಅಜ್ಜಿಯಿಂದ ಒಂದು ಕಾಯಿ ಕೇಳಿ ಪಡೆದು ಮೆಲ್ಲಗೆ ತಟ್ಟಿದರು, ಜೋರಾಗಿ ತಟ್ಟಿದರು, ಮತ್ತೆ ಮೆಲ್ಲಗೆ... ಕಾಯಿ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ನೀನು ಹೇಳಿದ್ದೇ ಸರಿ ಕಣಮ್ಮ."

"ಇಲ್ಲಿ ಅಲ್ಲ ಸಾ. ಕ್ಲಾಸಲ್ಲಿ ಹೇಳಿ."

"ಬುಡೇ, ಮನೇಗೆ ಬಂದೋರ್ಗೆ ಹಂಗಂತಾರಾ?" ಅಜ್ಜಿ ಗದರಿದಳು. ಮೇಷ್ಟ್ರು ತಲೆ ತಗ್ಗಿಸಿ ಹೋದರು. ಬೆಳಗಿನ ಬಸ್ಸಿಗೆ ಊರನ್ನೇ ಬಿಟ್ಟರು.

ಅವರು ತೀರಿಕೊಂಡು ವರ್ಷವಾಯಿತಂತೆ. ಎಲ್ಲರೆದುರು ಆ ಮಾತು ಹೇಳಲು ಅವರಿಲ್ಲ, ಕೇಳಲು ಅಜ್ಜಿಯೂ ಇಲ್ಲ. ಮೊನ್ನೆ ಆ ಕಾಯಿಯನ್ನು ಮತ್ತೆ ತಟ್ಟಿದೆ, ಗೆಣ್ಣು ನೋಯುವಷ್ಟು ಜೋರಾಗಿ. ದನಿ ಒಂದಿಷ್ಟೂ ಏರಲಿಲ್ಲ.

"ನೋಡಿದ್ರಾ ಸಾ?" ಎಂದೆ. ಅಟ್ಟದ ಕೆಳಗೆ ನಾನೊಬ್ಬಳೇ ಇದ್ದೆ.