ಕೈ ತೊಳೆಯದ ಶುಕ್ರವಾರ

ಮೀನುಸಾರು ಬೆರಳಲ್ಲೇ ಒಣಗಿಹೋಗಿದ್ದರೂ ಯಾರೂ ಕೈ ತೊಳೆಯಲು ಏಳಲಿಲ್ಲ. ತೊಂಬತ್ತರ ದಶಕದ ಒಂದು ಶುಕ್ರವಾರ, ಕತಾರ್‌ನ ಅಲ್ ರಯ್ಯಾನ್‌ನಲ್ಲಿದ್ದ ನಮ್ಮ ರೂಮು. ನಮಗೆಲ್ಲ ಅಡುಗೆ ಕಲಿಸಿದ ಉಳ್ಳಾಲದ ಹಸನಾಕ ಕೆಲಸ ಬಿಟ್ಟು ಸಂಜೆಯ ವಿಮಾನಕ್ಕೆ ಊರಿಗೆ ಹೊರಟಿದ್ದರು. ಕೈ ತೊಳೆದರೆ ಊಟ ಮುಗಿಯುತ್ತದೆ, ಊಟ ಮುಗಿದರೆ ಅವರು ಹೊರಡುತ್ತಾರೆ.

ನನ್ನ ಜತೆ ಊಟಕ್ಕೆ ಬಂದಿದ್ದ ಆಫೀಸಿನ ಡಚ್ ಎಂಜಿನಿಯರ್ ಯಾನ್ ನಮ್ಮನ್ನೆಲ್ಲ ನೋಡಿ, "ಇದಕ್ಕೆ ನಮ್ಮ ಭಾಷೆಯಲ್ಲಿ ಒಂದು ಕ್ರಿಯಾಪದವೇ ಇದೆ, ನಾಟಾಫೆಲೆನ್" ಎಂದ. 'ನಾ' ಅಂದರೆ ಆಮೇಲೆ, 'ಟಾಫೆಲ್' ಅಂದರೆ ಮೇಜು. ಉಂಡಾದ ಮೇಲೂ ಮೇಜು ಬಿಟ್ಟೇಳದೆ ಹರಟುತ್ತ ಕೂರುವುದು. ವಾಕ್ಯದಲ್ಲಿ ಆ 'ನಾ' ಕ್ರಿಯಾಪದದಿಂದ ಬಿಡಿಸಿಕೊಂಡು ಎಲ್ಲಕ್ಕಿಂತ ಕೊನೆಗೆ ಬರುತ್ತದಂತೆ, ಎದ್ದು ಹೋಗಲು ಮನಸ್ಸಿಲ್ಲದ ನೆಂಟನ ಹಾಗೆ.

ನಾನು ಇದನ್ನು ಕನ್ನಡದಲ್ಲಿ ಹೇಳಿದಾಗ ಚಾಪೆಯ ಮೇಲೆ ಕೂತಿದ್ದ ಹಸನಾಕ ನಕ್ಕರು. "ನಮ್ಮಲ್ಲಿ ಮೇಜೇ ಇಲ್ವಲ್ಲ ಮಾರಾಯ! ಯಲ್ಲಾ, ಖಲಾಸ್, ಎಲ್ರೂ ಏಳಿ" ಎಂದು ಅರಬಿ ಬೆರೆಸಿ ಅವಸರಪಡಿಸಿದರು. ಆದರೆ ಅವರೇ ಏಳಲಿಲ್ಲ.

ಈಗ ಮಂಗಳೂರಿನ ನಮ್ಮ ಮನೆಯಲ್ಲಿ ಮೇಜಿದೆ. ಊಟವಾದ ಮೇಲೂ ನಾನು ಕೂತೇ ಇರುತ್ತೇನೆ. "ಕೈ ಒಣಗಿತು, ತೊಳೀರಿ" ಎಂದು ಹೆಂಡತಿ ಗದರುತ್ತಾಳೆ. ತೊಳೆದರೆ ಹಸನಾಕ ಹೊರಟುಬಿಡುತ್ತಾರೆ ಎಂದು ಅವಳಿಗೆ ಹೇಗೆ ಹೇಳಲಿ?