ಮುಖ ಸಿಂಡರಿಸದ ಕ್ಯಾಚರ್

“ನನಗೆ ರೂಬಿನೇ ಬೇಕು,” ಎಂದಳು ಹನ್ನೆರಡು ವರ್ಷದ ನನ್ನ ಮಗಳು. ನಾವಿರುವ ಹಾರ್ನ್‌ಬಿ ಊರಿನ ಮೈದಾನದಲ್ಲಿ ಬೇಸ್‌ಬಾಲ್ ತಂಡದ ಆಯ್ಕೆ ನಡೆದಿತ್ತು. ಇವಳು ಎಸೆಯುವ ಚೆಂಡಿಗೆ ಕ್ಯಾಚರ್ ಯಾರಾಗಬೇಕೆಂದು ಕೋಚ್ ಇವಳನ್ನೇ ಕೇಳಿದ್ದರು. ಕ್ಯಾಚರ್ ಎಂದರೆ ನಮ್ಮ ವಿಕೆಟ್ ಕೀಪರ್ ಇದ್ದಂತೆ. ಆ ಜಾಗಕ್ಕೆ ಇದ್ದ ಇನ್ನೊಬ್ಬ ಹುಡುಗಿ ಮಿಯಾ ಹೊಡೆದ ಚೆಂಡುಗಳು ಬೇಲಿ ದಾಟಿದ್ದವು. ರೂಬಿಯ ಬ್ಯಾಟಿಗೆ ಒಂದೂ ತಾಗಿರಲಿಲ್ಲ. ನನಗೆ ರೇಗಿತು.

“ಅವಳಿಗೆ ಹೊಡೆಯೋಕೇ ಬರಲ್ವಲ್ಲ ಪುಟ್ಟಿ!”

“ನಾನು ಎಷ್ಟು ಕೆಟ್ಟದಾಗಿ ಥ್ರೋ ಮಾಡಿದ್ರೂ ಅವಳು ಮುಖ ಸಿಂಡರಿಸಲ್ಲ ಅಪ್ಪಾ. ಬಿದ್ದಾದ್ರೂ ಹಿಡೀತಾಳೆ, ವಾಪಸ್ ಕೊಡ್ತಾಳೆ, ಅಷ್ಟೆ.”

ಅಂದು ಸಂಜೆ ಮಗಳು ಗಣಿತದ ಉತ್ತರಪತ್ರಿಕೆ ತಂದು, ಕೊಡುವ ಮುನ್ನ ನನ್ನ ಮುಖ ನೋಡಿದಳು. ಅವಳು ಹಾಗೆ ನೋಡಿದ್ದು ಅದೇ ಮೊದಲಲ್ಲ. ನಾನು ಗಮನಿಸಿದ್ದು ಅದೇ ಮೊದಲು.